ಎಂಟು ಕಿಲೋಮೀಟರಿಗೆ ಒಂದು ರೊಟ್ಟಿ

ಒಂದು ಜೋಳದ ರೊಟ್ಟಿ ತಿಂದವರನ್ನು ಸೈಕಲ್ ಮೇಲೆ 8 ಕಿ.ಮೀ. ದೂರ ಒಯ್ಯುತ್ತದೆ. ಬೇಕಾದವರು ಲೆಕ್ಕ ಹಾಕಿ ನೋಡಬಹುದು. 50 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಹೆಚ್ಚುಕಡಿಮೆ 170 ಕ್ಯಾಲರಿ ಇರುತ್ತದೆ. ಬಯಲು ರಸ್ತೆಯಲ್ಲಿ ತಾಸಿಗೆ 20 ಕಿ.ಮೀ.ನಂತೆ ತುಳಿಯುವವರಿಗೆ ಕಿಲೋಮೀಟರಿಗೆ 20ರಿಂದ 25 ಕ್ಯಾಲರಿ ಸಾಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 8,000 ಕ್ಯಾಲರಿ ಅಡಗಿದೆ, ಅಂದರೆ 47 ರೊಟ್ಟಿ. ಅಷ್ಟರಲ್ಲಿ ಮೋಟರ್‌ಸೈಕಲ್ 50 ಕಿ.ಮೀ. ಓಡಿದರೆ ಶಾಭಾಸ್ ಅನ್ನುತ್ತೇವೆ. ಅದೇ 47 ರೊಟ್ಟಿಯ ಬಲದಲ್ಲಿ ಹುಬ್ಬಳ್ಳಿಯಿಂದ ಹೊರಟ ಸೈಕಲ್ ತುಮಕೂರು ದಾಟುತ್ತದೆ.

ಈ ಲೆಕ್ಕ ನನ್ನ ತಲೆ ಹೊಕ್ಕದ್ದು ಜನವರಿಯ ಒಂದು ಶನಿವಾರ. ನಸುಕಿನ ಐದೂವರೆಗೆ ಹುಬ್ಬಳ್ಳಿ ಸ್ಟೇಷನ್ ಎದುರು ನಾವು 24 ಮಂದಿ ಸೇರಿದ್ದೆವು. ಕಲಘಟಗಿ, ಕುಂದಗೋಳ, ಅಣ್ಣಿಗೇರಿ, ನವಲಗುಂದ ಸುತ್ತಿ ಸಂಜೆಗೆ ಮತ್ತೆ ಹುಬ್ಬಳ್ಳಿ. ಅಡ್ಡದಾರಿಗಳನ್ನೂ ಹಿಡಿದರೆ ಹತ್ತಿರ ಹತ್ತಿರ 200 ಕಿ.ಮೀ. ದೂರದ ಸೈಕಲ್ ಸವಾರಿಗೆ ಫ್ರೆಂಚರು ಕಟ್ಟಿಕೊಟ್ಟ ಒಂದು ಕಟ್ಟಳೆ ಇದೆ, ಬ್ರೆವೆ ಅನ್ನುತ್ತಾರೆ. 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ 20, 600ಕ್ಕೆ 40. ಪ್ಯಾರಿಸ್‌ನಿಂದ ಬ್ರೆಸ್ಟ್ ಊರಿಗೆ ಹೋಗಿ ಮರಳುವ 1,200 ಕಿ.ಮೀ.ಗೆ 90 ತಾಸು; ಆ ದಾರಿಯಲ್ಲಿ ಮೊದಲ ಬಾರಿ ಸೈಕಲ್ ಪಂದ್ಯ ನಡೆದದ್ದು 1891ರಲ್ಲಿ. ನಮ್ಮದು ಬ್ರೆವೆ ಆಗಿರಲಿಲ್ಲ. ಆದರೂ ಸಂಜೆ ಏಳರ ಗೆರೆ ಹಾಕಿಕೊಂಡೇ ಹೊರಟಿದ್ದೆವು.

ಎದುರಿಗಿದ್ದ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಲೋಕದಲ್ಲೇ ಅತಿ ಉದ್ದದ್ದು: 1,507 ಮೀಟರ್, 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು. ನನ್ನ ಗಾಲಿ ಒಂದು ಸುತ್ತಿಗೆ 2.1 ಮೀಟರ್ ಸಾಗುತ್ತದೆ. ಆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ 718 ಸುತ್ತು. ದಿನದ ಹಾದಿಗೆ 95,000 ಸುತ್ತು. ಪೆಡಲ್ ಒಂದು ಸಲ ತಿರುಗಿದರೆ ಐದೂವರೆ ಮೀಟರ್, ಹಾಗಾಗಿ ಕಾಲು ತಿರುಗುವುದು 36,000 ಸಲ. ಸುಮ್ಮನೆ ಕೂತ ಮನುಷ್ಯನ ಹೃದಯ ಹಗಲು ರಾತ್ರಿ ಸೇರಿ ಲಕ್ಷ ಸಲ ಬಡಿಯುತ್ತದೆ. ನಿಮಿಷಕ್ಕೆ 130ರಂತೆ ಹತ್ತು ತಾಸು ತುಳಿದವರ ಹೃದಯ ಅಷ್ಟರಲ್ಲೇ 78,000 ಮುಟ್ಟಿರುತ್ತದೆ. ರೊಟ್ಟಿಯ ಲೆಕ್ಕದಲ್ಲಿ ತಲೆಗೆ 25, ನಮ್ಮೆಲ್ಲರಿಗೂ 600. ಅದರಲ್ಲೂ ಪೆಡಲಿಗೆ ತಲುಪುವುದು ಕಾಲು ಭಾಗ ಮಾತ್ರ. 25ರಲ್ಲಿ ಆರು ರೊಟ್ಟಿ ದಾರಿಗೆ, 19 ರೊಟ್ಟಿ ಮೈ ಕಾವಿಗೆ. ಆ ನಸುಕಿನ ಚಳಿಯಲ್ಲಿ ಮುಂದಿದ್ದವರ ಬೆನ್ನಿನಿಂದ ಹಬೆ ಏಳುವುದನ್ನು ದೀಪದ ಬೆಳಕಿನಲ್ಲಿ ನೋಡಿದೆ. ಆ 19 ರೊಟ್ಟಿ ಗಾಳಿಗೆ ಸೇರುತ್ತಿದ್ದವು.

ಕಲಘಟಗಿ ಮುಟ್ಟುವ ಹೊತ್ತಿಗೆ ಬೆಳಕಾಗಿತ್ತು. ಈ ಕಡೆ ಮಲೆನಾಡಿನ ಸೆರಗು. ಕೊಯ್ದ ಭತ್ತದ ಗದ್ದೆ, ಸಾಗವಾನಿ, ಮಂಜು. ಶನಿವಾರವಾದ್ದರಿಂದ ಮುಂಜಾನೆ ಶಾಲೆ. ಸಮವಸ್ತ್ರದ ಹುಡುಗಿಯರ ಒಂದು ದಂಡು ಸೈಕಲ್ ಮೇಲೆ ನಮ್ಮ ಜೊತೆಗೇ ಓಡತೊಡಗಿತು. 2006–07ರಿಂದ ಹಲವು ವರ್ಷ ಸರ್ಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಕೊಡುತ್ತಿದ್ದಂಥ ಸೈಕಲ್ಲುಗಳು: ಗೇರಿಲ್ಲ, ನಮ್ಮವಕ್ಕಿಂತ ಎಷ್ಟೋ ಭಾರ.

“ಶಾಲಿ ಎಷ್ಟ ದೂರ ಐತವ್ವಾ?” ಅಂದೆ.

“ನಾಕ ಕಿಲೋಮೀಟರ್ರೀ ಕಾಕಾ,” ಅಂದವಳು ಬ್ಯಾಗನ್ನು ಹಿಂದಕ್ಕೆ ಸರಿಸಿ ನನ್ನನ್ನು ದಾಟಿ ಹೋದಳು.

ಹೋಗಿ ಬರಲು 8 ಕಿ.ಮೀ. ವರ್ಷಕ್ಕೆ 220 ದಿನ ಶಾಲೆ. ಎಂಟು, ಒಂಬತ್ತು, ಹತ್ತು, ಈ ಮೂರು ಇಯತ್ತೆ ಮುಗಿಯುವ ಹೊತ್ತಿಗೆ ಅವಳು 5,280 ಕಿ.ಮೀ. ತುಳಿದಿರುತ್ತಾಳೆ. ಕನ್ಯಾಕುಮಾರಿಯಿಂದ ಶ್ರೀನಗರದ ತನಕ ರಸ್ತೆ 4,000 ಕಿ.ಮೀ. ಒಳಗೇ ಇದೆ. ದೇಶದ ಉದ್ದವನ್ನು ಸೈಕಲ್ ಮೇಲೆ ಅಳೆದವರಿಗೆ ನಾವು ಹಾರ ಹಾಕಿ ಬರಮಾಡಿಕೊಳ್ಳುತ್ತೇವೆ. ಹಾಕುವುದು ಸರಿಯೇ. ಆದರೆ ಆ ದಂಡಿನಲ್ಲಿ ಹನ್ನೊಂದು ಹುಡುಗಿಯರಿದ್ದರು, ಹನ್ನೊಂದು ಹಾರದ ಬಾಕಿ ನಮ್ಮ ಮೇಲಿದೆ ಎಂದೇ ನನಗೆ ಅನ್ನಿಸಿತು.

ಕಲಘಟಗಿಯಿಂದ ಮೂಡಣಕ್ಕೆ ತಿರುಗಿದ ಮೇಲೆ ನೀರು ದಿಕ್ಕು ಬದಲಿಸುತ್ತದೆ. ಕಣ್ಣಿಗೆ ಗುಡ್ಡವೂ ಕಾಣದು, ಕಣಿವೆಯೂ ಕಾಣದು. ಕಲಘಟಗಿಯ ಕಡೆ ಬಿದ್ದ ಮಳೆ ಬೇಡ್ತಿ ಹೊಳೆ ಸೇರಿ ಯಲ್ಲಾಪುರದ ಕಾಡು ಹಾಯ್ದು, ಮಾಗೋಡಿನಲ್ಲಿ ಧುಮುಕಿ, 150 ಕಿ.ಮೀ. ಒಳಗೇ ಅರಬ್ಬೀ ಸಮುದ್ರ ಕಾಣುತ್ತದೆ. ಕುಂದಗೋಳದ ಕಡೆ ಬಿದ್ದ ಹನಿ ಬೆಣ್ಣೆಹಳ್ಳಕ್ಕೆ ಇಳಿದು, ಮಲಪ್ರಭೆ ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಯಾಗಿ, ಸಾವಿರ ಕಿ.ಮೀ.ಗೂ ಹೆಚ್ಚು ನಡೆದು ಬಂಗಾಳ ಕೊಲ್ಲಿ ಮುಟ್ಟಬೇಕು. ಅಕ್ಕಪಕ್ಕದ ಹೊಲಗಳಲ್ಲಿ ಬಿದ್ದ ಎರಡು ಹನಿಗಳ ನಡುವೆ ಕೊನೆಗೆ ಇಡೀ ದಕ್ಷಿಣ ಭಾರತದ ಅಗಲ ಬಂದು ನಿಲ್ಲುತ್ತದೆ. ಆ ಗೆರೆಯನ್ನು ನಾವು ಯಾವ ಪೆಡಲಿನಲ್ಲಿ ದಾಟಿದೆವೋ!

ಮೂಡಣ ಗಾಳಿ ಎದುರಾಯಿತು. ಗುಂಪಿನ ಲಾಭ ತಿಳಿಯುವುದು ಆಗಲೇ. 24 ಸೈಕಲ್ ಒಂದರ ಹಿಂದೊಂದು ಹೊರಟರೆ ಸುಮಾರು 70 ಮೀಟರಿನ ಸಾಲು. ಮುಂದಿರುವವರು ಗಾಳಿ ಸೀಳುತ್ತಾರೆ; ಹಿಂದಿರುವವರಿಗೆ ಗಾಳಿಯ ತಡೆ ಮೂರನೇ ಒಂದರಷ್ಟು ಇಳಿಯುತ್ತದೆ. ಮುಂದಿದ್ದವರು ದಣಿದಾಗ ಬದಿಗೆ ಸರಿದು ಸಾಲಿನ ಕೊನೆಗೆ ಬರುತ್ತಾರೆ. 200 ಕಿ.ಮೀ.ಯನ್ನು 24 ಮಂದಿಗೆ ಹಂಚಿ. ಒಬ್ಬೊಬ್ಬರ ಪಾಲಿಗೆ ಮುಂದಾಳತ್ವ ಬರುವುದು 8 ಕಿ.ಮೀ. ಚಿಲ್ಲರೆ, ಅಂದರೆ ಒಂದೇ ರೊಟ್ಟಿಯ ದೂರ. ಉಳಿದ 192 ಕಿ.ಮೀ. ಯಾರದೋ ಬೆನ್ನಿನ ಮರೆಯಲ್ಲಿ ಸಾಗುತ್ತೇವೆ. ಇದನ್ನು ಲೆಕ್ಕ ಹಾಕಿದ ಮೇಲೆ ನನ್ನ ಸರದಿಯಲ್ಲಿ ನಾನು ತುಸು ಜಾಸ್ತಿಯೇ ಎಳೆದೆ.

ಕುಂದಗೋಳದಲ್ಲಿ ನಳದ ಮುಂದೆ ಬಾಟಲಿ ಹಿಡಿದು ನಿಂತೆವು. ತಾಸಿಗೆ ಮುಕ್ಕಾಲು ಲೀಟರಿನ ಹತ್ತಿರ ಬೆವರು. ದಿನಕ್ಕೆ ತಲೆಗೆ 7 ಲೀಟರ್, ಗುಂಪಿಗೆ 168. ಹದಿನೈದು ಲೀಟರಿನ ಹನ್ನೊಂದು ಕೊಡ. ಕೊಡ ಅಂದಾಗ ಈ ಊರಿನಲ್ಲಿ ನೆನಪಾಗುವುದು ಒಬ್ಬ ಹುಡುಗ. 1930ರ ದಶಕದಲ್ಲಿ ಸವಾಯಿ ಗಂಧರ್ವರಲ್ಲಿ ಹಾಡು ಕಲಿಯಲು ಬಂದ ಭೀಮಸೇನ ಜೋಶಿ ಗುರುವಿನ ಮನೆಗೆ ನೀರು ಹೊತ್ತರು. ಮೊದಲ ವರ್ಷಗಳಲ್ಲಿ ಸಿಕ್ಕಿದ್ದು ತೋಡಿ, ಮುಲ್ತಾನಿ, ಪೂರಿಯಾ, ಮೂರೇ ರಾಗ ಎಂದು ಹೇಳುತ್ತಾರೆ. ಮುಂದೆ ಅವರಿಗೆ ಭಾರತರತ್ನ ಬಂತು. ಗಂಗೂಬಾಯಿ ಹಾನಗಲ್ಲರು ಪಾಠಕ್ಕೆಂದು ಹುಬ್ಬಳ್ಳಿಯಿಂದ ಇಲ್ಲಿಗೆ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಸುಮಾರು 20 ಕಿ.ಮೀ., ಎರಡೂವರೆ ರೊಟ್ಟಿಯ ದೂರ. ಆ ದೂರದಲ್ಲಿ ಅವರು ಅದೆಷ್ಟು ಸಲ ಒಂದೇ ಪಲುಕನ್ನು ಮನಸ್ಸಿನಲ್ಲೇ ತಿರುವಿ ಹಾಕಿರಬೇಕು!

ಕುಂದಗೋಳ ದಾಟಿದ ಮೇಲೆ ಎರೆ ಭೂಮಿ. ಕಣ್ಣು ಹಾಯುವ ತನಕ ಕಡಲೆ, ಕುಸುಬೆ, ಹಾಲುದುಂಬಿದ ಜೋಳದ ತೆನೆ. ನೆರಳಿಗೆ ಒಂದು ಜಾಲಿ ಸಿಕ್ಕರೆ ಪುಣ್ಯ. ಕೋಳಿವಾಡದಲ್ಲಿ ಇಳಿದೆವು. ಕುಮಾರವ್ಯಾಸನ ಊರು. ಈ ದಿನದ ಲೆಕ್ಕಗಳಲ್ಲೆಲ್ಲ ನನ್ನನ್ನು ನಿಜವಾಗಿ ಅಲುಗಿಸಿದ ಲೆಕ್ಕ ಇಲ್ಲಿಯದು.

ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ ಆರು ಸಾಲು. ನಾಲ್ಕು ಸಾಲಿಗೆ ಹದಿನಾಲ್ಕು ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23 ಮಾತ್ರೆ. ಒಟ್ಟು 102. ಕುಮಾರವ್ಯಾಸ ಭಾರತದಲ್ಲಿ 8,000ಕ್ಕೂ ಹೆಚ್ಚು ಪದ್ಯಗಳಿವೆ. ಗುಣಿಸಿದರೆ ಎಂಟು ಲಕ್ಷ ಮಾತ್ರೆಗಳ ಮೇಲೆ. ಈಗ ನಮ್ಮ ಕಾಲಿನ ಲೆಕ್ಕ ತೆಗೆಯಿರಿ: ಒಬ್ಬರಿಗೆ 36,000 ಸುತ್ತು, 24 ಮಂದಿಗೆ 8,64,000. ಪೆಡಲಿನ ಒಂದು ಸುತ್ತಿಗೆ ಒಂದು ಮಾತ್ರೆಯಂತೆ ಹಿಡಿದರೆ, 24 ಜನ ನಸುಕಿನಿಂದ ಸಂಜೆಯ ತನಕ ತುಳಿದದ್ದೆಲ್ಲ ಸೇರಿ ಆ ಒಂದು ಕಾವ್ಯಕ್ಕೆ ಸಮ. ಒಬ್ಬನೇ ತುಳಿದು ಮುಗಿಸಬೇಕೆಂದರೆ ದಿನಕ್ಕೆ 200 ಕಿ.ಮೀ.ನಂತೆ ಮೂರು ವಾರಕ್ಕೂ ಹೆಚ್ಚು ಬಿಡುವಿಲ್ಲದೆ ತುಳಿಯಬೇಕು, 4,500 ಕಿ.ಮೀ. ದಾಟುತ್ತದೆ. ನಮ್ಮ ಪೆಡಲ್ ತಪ್ಪಿದರೆ ಸೈಕಲ್ ಉರುಳಿಕೊಂಡು ಹೋಗುತ್ತದೆ, ಯಾರಿಗೂ ಗೊತ್ತಾಗದು. ಕುಮಾರವ್ಯಾಸನ ಮಾತ್ರೆ ತಪ್ಪಿದರೆ ಸಾಲೇ ಕುಂಟುತ್ತದೆ. ಎಂಟು ಲಕ್ಷ ಸಲ, ಒಂದೊಂದನ್ನೂ ತೂಗಿ ಇಟ್ಟವನು ಇದೇ ಬಿಸಿಲಿನ ಬಯಲಿನವನು. ಊರು ಬಿಟ್ಟು ಹೊರಟ ಮೇಲೆ ನನ್ನ ಕಾಲು ತಾನಾಗಿಯೇ ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣ ಎಣಿಸುತ್ತಿತ್ತು.

ಅಣ್ಣಿಗೇರಿಯ ಖಾನಾವಳಿಯಲ್ಲಿ ಊಟ. ಒಲೆಯ ಮುಂದೆ ಕೂತಿದ್ದ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಎಣಿಸತೊಡಗಿದೆ. ಒಂದು ರೊಟ್ಟಿಗೆ 90 ಬಡಿತ, ಇನ್ನೊಂದಕ್ಕೆ 88, ಮತ್ತೊಂದಕ್ಕೆ 93. ದಿನಕ್ಕೆ ಎಷ್ಟು ರೊಟ್ಟಿ ಅಂತ ಕೇಳಿದೆ. “ಮುನ್ನೂರ ಆಕ್ಕಾವ್ರಿ. ಸಂತಿ ದಿನ ಇನ್ನೂ ಹೆಚ್ಚು,” ಅಂದಳು. ನನ್ನ ತುಟಿ ಅಲುಗುವುದನ್ನು ಕಂಡು, “ಎಣಸಬ್ಯಾಡ್ರಿ ಅಣ್ಣಾರ, ಉಣ್ಣೂದನ್ನ ಎಣಸಬಾರದು,” ಅಂದು ತಾಟಿಗೆ ಇನ್ನೊಂದು ಹಾಕಿದಳು. ಆದರೂ ಲೆಕ್ಕ ನಿಲ್ಲಲಿಲ್ಲ. ದಿನಕ್ಕೆ 27,000 ಬಡಿತ. ನನ್ನ 36,000 ಪೆಡಲ್ ಸುತ್ತು ವರ್ಷದಲ್ಲಿ ಎಂದೋ ಒಂದು ದಿನದ್ದು. ಅವಳದು ನಿನ್ನೆಯೂ ಇತ್ತು, ನಾಳೆಯೂ ಇದೆ.

ಊಟ ಮುಗಿಸಿ ಅಮೃತೇಶ್ವರ ಗುಡಿಗೆ ಹೋದೆವು. 1050ರಲ್ಲಿ ಕಟ್ಟಿದ್ದು, 76 ಕಂಬ. ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಲ ಗುಡಿ ಇದು ಎನ್ನುತ್ತಾರೆ. ತಣ್ಣಗಿನ ಕಂಬಕ್ಕೆ ಬೆನ್ನು ಕೊಟ್ಟು ಕೂತಾಗ ಪಂಪ ನೆನಪಾದ. ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. 941ರಲ್ಲಿ ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಮುಗಿಸಿದವನು. ಪಂಪನ ತಾಯಿಯ ಅಜ್ಜನ ಊರಿಗೂ ಕುಮಾರವ್ಯಾಸನ ಊರಿಗೂ ನಡುವೆ ಸೈಕಲ್ಲಿಗೆ ಒಂದು ತಾಸಿನ ಹಾದಿ. ಕನ್ನಡದ ಎರಡು ಮಹಾಭಾರತಗಳ ಬೇರು ಇಷ್ಟು ಹತ್ತಿರ ಹತ್ತಿರ ಇಳಿದಿವೆ.

ನವಲಗುಂದದ ಹಾದಿಯಲ್ಲಿ ಮಾತು ನಿಂತಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ರಸ್ತೆ ಬದಿಯ ಜಲ್ಲಿಗುಪ್ಪೆ ನೋಡುತ್ತ ನಾನು ಕಲ್ಲಿನ ವಯಸ್ಸಿಗೆ ಇಳಿದೆ. ಈ ಜಿಲ್ಲೆಯ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ಲೋಕವೆಲ್ಲ ಸುತ್ತಿದೆ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಲ್ಲಿಯ ಶಿಲೆಗಳಿಗೆ ‘ಧಾರವಾಡ’ ಎಂದೇ ಹೆಸರಿಟ್ಟ. ಅವುಗಳ ವಯಸ್ಸು ಸುಮಾರು 260 ಕೋಟಿ ವರ್ಷ. ಆ ಕಾಲವನ್ನೆಲ್ಲ ನಮ್ಮ 200 ಕಿ.ಮೀ. ಮೇಲೆ ಹಾಸಿದರೆ ಒಂದು ಮೀಟರಿಗೆ 13,000 ವರ್ಷ ಬೀಳುತ್ತದೆ. ಪೆಡಲಿನ ಒಂದು ಸುತ್ತಿಗೆ 70,000 ವರ್ಷದ ಮೇಲೆ. ಮನುಷ್ಯ ಜಾತಿ ಹುಟ್ಟಿ ಸುಮಾರು ಮೂರು ಲಕ್ಷ ವರ್ಷ. ಅದು ಹುಬ್ಬಳ್ಳಿ ಮುಟ್ಟುವ ಮುನ್ನ ಕೊನೆಯ ನಾಲ್ಕು ಸುತ್ತು. ಪಂಪನಿಂದ ಇಂದಿನವರೆಗೆ ಎಂಟು ಸೆಂಟಿಮೀಟರ್. ನಾಲ್ಕು ಬೆರಳಗಲ. ಹ್ಯಾಂಡಲ್ ಮೇಲಿದ್ದ ನನ್ನ ನಾಲ್ಕು ಬೆರಳನ್ನು ನೋಡಿದೆ. ಹಳಗನ್ನಡ, ನಡುಗನ್ನಡ, ಆ ಗುಡಿ, ಆ ಎಂಟು ಲಕ್ಷ ಮಾತ್ರೆ, ಕುಂದಗೋಳದ ತೋಡಿ, ಎಲ್ಲವೂ ಅಷ್ಟರ ಒಳಗೇ ಇದ್ದವು.

ನವಲಗುಂದದಲ್ಲಿ ಸೈಕಲ್ ನಿಲ್ಲಿಸಿ ಸುಮ್ಮನೆ ನಿಂತೆವು. 1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟದಿದ್ದರೂ ಕರ ಕಟ್ಟಿ ಎಂದಾಗ ರೈತರು ಎದ್ದುನಿಂತ ದಿನ, ಗೋಲಿಬಾರಿಗೆ ಬಲಿಯಾದ ದಿನ. ಅಲ್ಲಿ ನಾನು ಏನನ್ನೂ ಎಣಿಸಲಿಲ್ಲ.

ಹುಬ್ಬಳ್ಳಿ ರಸ್ತೆಗೆ ಹೊರಳಿದಾಗ ಹೊತ್ತು ಇಳಿಯುತ್ತಿತ್ತು. ಗಾಳಿ ಈಗ ಬೆನ್ನಿಗೆ. ಮುಂದೆ ಒಬ್ಬ ಅಜ್ಜ, ಧೋತರ, ಟೋಪಿ, ಕರೀ ಸೈಕಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನು. ಊರೊಳಗೆ ಹಾಲು ಹಾಕಿ ಖಾಲಿ ಕ್ಯಾನಿನೊಂದಿಗೆ ಮರಳುತ್ತಿದ್ದ. ನಾನು ಸಮಕ್ಕೆ ಬಂದೆ.

“ಎಲ್ಲಿಂದ ಹೊಂಟೀರಿ?”

“ಹುಬ್ಬಳ್ಳಿಯಿಂದ್ರೀ ಅಜ್ಜಾರ.”

“ಎಲ್ಲಿಗೆ?”

“ಹುಬ್ಬಳ್ಳಿಗೇ ರೀ. ಮುಂಜಾನಿಂದ ಎರಡನೂರು ಕಿಲೋಮೀಟರ್ ಆಗಾಕ ಬಂತ್ರಿ.”

“ಭಾಳ ಆತು ಬಿಡ್ರಿ,” ಅಂದ, ಮನಸಾರೆ.

ಅಜ್ಜನ ಊರು ಹಾಲು ಹಾಕುವಲ್ಲಿಂದ 9 ಕಿ.ಮೀ. ಹೋಗಿ ಬರಲು 18. ಹಾಲು ಹಾಕತೊಡಗಿ 35 ವರ್ಷ. ಎಮ್ಮೆಗೆ ರವಿವಾರವಿಲ್ಲ, ಆದ್ದರಿಂದ ಅಜ್ಜನಿಗೂ ಇಲ್ಲ. ನಾನು ತುಳಿಯುತ್ತಲೇ ಮನಸ್ಸಿನಲ್ಲಿ ಗುಣಿಸಿದೆ. 12,775 ದಿನ. 2,29,950 ಕಿ.ಮೀ. ಭೂಮಿಯ ಸುತ್ತಳತೆ 40,075. ಐದೂಮುಕ್ಕಾಲು ಸುತ್ತು ಬರುತ್ತದೆ. ಚಂದ್ರ ಇರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ. ಅಜ್ಜ ಅರ್ಧ ದಾರಿ ದಾಟಿ ಎಷ್ಟೋ ಮುಂದೆ ಹೋಗಿದ್ದಾನೆ, ಅದೂ ಹೋಗುವಾಗ ತುಂಬಿದ ಕ್ಯಾನು ಹೊತ್ತು. ನಾವು 24 ಮಂದಿ ಆ ದಿನ ತುಳಿದದ್ದೆಲ್ಲ ಕೂಡಿದರೆ 4,800 ಕಿ.ಮೀ. ಅಂಥ 47 ದಿನ ನಾವೆಲ್ಲರೂ ಕೂಡಿ ತುಳಿದರೂ ಅಜ್ಜನ ಲೆಕ್ಕಕ್ಕೆ ತುಸು ಕಡಿಮೆಯೇ ಬೀಳುತ್ತದೆ.

ಈ ಸಂಖ್ಯೆಯನ್ನು ಅಜ್ಜನಿಗೆ ಹೇಳಿದೆ. ಚಂದ್ರನ ಮಾತನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ತುಳಿದ. ಆಮೇಲೆ, “ಟಾಯರ್ ಮಾತ್ರ ಭಾಳ ಸವದಾವ ನೋಡ್ರಿ,” ಅಂದು ಎಡಕ್ಕೆ ಮಣ್ಣಿನ ಹಾದಿಗೆ ಹೊರಳಿದ. ಕತ್ತಲಾಗುವ ತನಕ ಜೋಳದ ಹೊಲದ ಆಚೆಯಿಂದ ಖಾಲಿ ಕ್ಯಾನಿನ ಸಪ್ಪಳ ಕೇಳುತ್ತಿತ್ತು.