ಗಿರಗಾಂವಿನ ಸ್ವರಸೋದರರು

ಮುಂಬಯಿಯು ಹೊರಗಿನಿಂದ ಬಂದವರು ಕಟ್ಟಿದ ನಗರ. ಇಲ್ಲಿಗೆ ಬಂದ ಒಂದೊಂದು ಜನವರ್ಗವೂ ತನ್ನೊಡನೆ ಒಂದು ಕಸುಬನ್ನು ತಂದಿತು. ನಮ್ಮ ಕನ್ನಡ ಜಿಲ್ಲೆಯವರು ಇಡ್ಲಿ, ದೋಸೆಗಳ ಹೋಟೆಲುಗಳನ್ನು ತೆರೆದರು. ಕಚ್ಛದವರು ಕಿರಾಣಿ ಅಂಗಡಿಗಳನ್ನಿಟ್ಟರು. ಈ ಇಬ್ಬರ ನಂಟು ಹಳೆಯದು. ಅವರ ಅಂಗಡಿಯ ಉದ್ದಿನಬೇಳೆ ನಮ್ಮ ರುಬ್ಬುಗಲ್ಲಿಗೆ, ನಮ್ಮ ಗಲ್ಲಾಪೆಟ್ಟಿಗೆಯ ಹಣ ಅವರ ಖಾತೆಪುಸ್ತಕಕ್ಕೆ. ಅಂತಹ ಒಂದು ಕಿರಾಣಿ ಅಂಗಡಿಯಿಂದ ಎದ್ದು ಬಂದು, ಹಿಂದಿ ಚಿತ್ರಸಂಗೀತಕ್ಕೆ ವಿದ್ಯುತ್ತಿನ ದನಿಯನ್ನು ಕೂಡಿಸಿದ ಸೋದರರೇ ಕಲ್ಯಾಣಜೀ ಹಾಗೂ ಆನಂದಜೀ.

ಅಣ್ಣ ಕಲ್ಯಾಣಜೀ ಜನಿಸಿದ್ದು 1928ರಲ್ಲಿ, ತಮ್ಮ ಆನಂದಜೀ 1933ರಲ್ಲಿ. ತಂದೆ ವೀರಜೀ ಶಾಹರು ಕಚ್ಛದಿಂದ ಮುಂಬಯಿಗೆ ಬಂದು ಅಂಗಡಿಯಿಟ್ಟವರು. ಬಾಲಕರು ಬೆಳೆದದ್ದು ಗಿರಗಾಂವಿನಲ್ಲಿ, ಮರಾಠಿ ಗುಜರಾತಿ ನೆರೆಹೊರೆಯ ನಡುವೆ. ಅಂಗಡಿಯಿಂದ ಸಾಮಾನು ಒಯ್ಯುತ್ತಿದ್ದ ಗಿರಾಕಿಯೊಬ್ಬ ಬಾಕಿಯನ್ನು ತೀರಿಸಲಾರದೆ, ಅದರ ಬದಲಿಗೆ ಮಕ್ಕಳಿಗೆ ಸಂಗೀತಪಾಠವನ್ನು ಹೇಳಿಕೊಟ್ಟನೆಂದು ಪ್ರತೀತಿಯಿದೆ. ವಸೂಲಾಗದ ಸಾಲವೊಂದು ಈ ಬಗೆಯಲ್ಲಿ ಬಡ್ಡಿಸಹಿತ ಮರಳಿ ಬಂದ ಉದಾಹರಣೆ ವ್ಯಾಪಾರದ ಇತಿಹಾಸದಲ್ಲಿ ವಿರಳವೇ ಸರಿ. ಹಗಲೆಲ್ಲ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹುಡುಗರಿಗೆ ಈ ವಿದ್ಯಾಭ್ಯಾಸದ ರೀತಿಯು ಅಪರಿಚಿತವೆನಿಸಲಾರದು. ವಿದ್ಯೆಯು ಯಾವ ಬಾಗಿಲಿನಿಂದ ಬಂದರೂ ಅದನ್ನು ಒಳಗೆ ಕರೆದುಕೊಳ್ಳುವವನೇ ಜಾಣ.

1947ರಲ್ಲಿ ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ ಎಂಬಾತನು ಕ್ಲಾವಿಯೋಲಿನ್ ಎಂಬ ವಾದ್ಯವನ್ನು ರೂಪಿಸಿದನು. ನೋಡಲು ಅದು ಚಿಕ್ಕದೊಂದು ಹಾರ್ಮೋನಿಯಮ್ಮಿನಂತೆ; ಆದರೆ ತಿದಿಯಿಲ್ಲ, ಗಾಳಿಯಿಲ್ಲ, ತಂತಿಯೂ ಇಲ್ಲ. ಹಳೆಯ ರೇಡಿಯೋಗಳಲ್ಲಿದ್ದಂತಹ ವಾಲ್ವುಗಳು ವಿದ್ಯುತ್ತನ್ನು ಕಂಪಿಸುವಂತೆ ಮಾಡುತ್ತವೆ. ಆ ಕಂಪನವೇ ಸ್ಪೀಕರಿನಿಂದ ನಾದವಾಗಿ ಹೊರಡುತ್ತದೆ. ಒಂದು ವೇಳೆಗೆ ಒಂದೇ ಸ್ವರ ಹೊರಡುವುದು. ದನಿಯ ಬಣ್ಣವನ್ನು ಬದಲಿಸಲು ಗುಂಡಿಗಳುಂಟು; ದನಿಯನ್ನು ಏರಿಸಿ ಇಳಿಸಲು ಮೊಣಕಾಲಿನಿಂದ ಒತ್ತುವ ಸನ್ನೆಯುಂಟು. ಕಲ್ಯಾಣಜೀಯವರು ಈ ಪರದೇಶದ ಪೆಟ್ಟಿಗೆಯನ್ನು ಪಳಗಿಸಿಕೊಂಡು, ಅದರಿಂದ ನಮ್ಮ ದೇಶದ ದನಿಗಳನ್ನು ಹೊರಡಿಸುವುದಕ್ಕೆ ತೊಡಗಿದರು.

1954ರಲ್ಲಿ ವೈಜಯಂತಿಮಾಲೆಯವರು ನಟಿಸಿದ 'ನಾಗಿನ್' ಚಿತ್ರವು ತೆರೆಗೆ ಬಂದಿತು. ಅದರ ಪುಂಗಿಯ ನಾದವು ದೇಶವನ್ನೇ ಮರುಳುಗೊಳಿಸಿತು. ಹಾವಾಡಿಗನ ಪುಂಗಿಯೆಂದೇ ಜನರು ನಂಬಿದ್ದ ಆ ದನಿಯು ಕಲ್ಯಾಣಜೀಯವರ ಕ್ಲಾವಿಯೋಲಿನ್ನಿನದು. ಅದಕ್ಕೆ ಜೊತೆಗೂಡಿದ ಹಾರ್ಮೋನಿಯಂ ಮುಂದೆ ತಾವೂ ಸಂಗೀತ ನಿರ್ದೇಶಕರಾದ ರವಿಯವರದು. ಚಿತ್ರದ ಸಂಗೀತಕ್ಕಾಗಿ ಹೇಮಂತಕುಮಾರರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯು ಸಂದಿತು. ನಿರ್ದೇಶಕನಿಗೆ ಸಲ್ಲಬೇಕಾದ ಮಾನ ಸಂದಿತೆಂದೇ ಹೇಳಬೇಕು. ಆದರೆ ಪುಂಗಿಯನ್ನು ನುಡಿಸಿದ ಕೈಗಳು ಯಾರವೆಂದು ಟಾಕೀಸಿನಿಂದ ಹೊರಬಂದ ಸಾಮಾನ್ಯ ಪ್ರೇಕ್ಷಕನಿಗೆ ತಿಳಿಯುವ ಬಗೆಯಿರಲಿಲ್ಲ. ಗಿರಾಕಿಯು ಸಾಂಬಾರನ್ನು ಹೊಗಳುತ್ತ ಹೋಟೆಲಿನ ಹೆಸರನ್ನು ಹೇಳುತ್ತಾನೆ. ಒಳಗೆ ಬೆಂಕಿಯ ಮುಂದೆ ಬೆವರು ಸುರಿಸಿದ ಭಟ್ಟರ ಹೆಸರನ್ನು ಕೇಳುವವರು ಯಾರು?

ಕಲ್ಯಾಣಜೀ ಅಷ್ಟಕ್ಕೆ ನಿಲ್ಲಲಿಲ್ಲ. 'ಕಲ್ಯಾಣಜೀ ವೀರಜೀ ಆ್ಯಂಡ್ ಪಾರ್ಟಿ' ಎಂಬ ವಾದ್ಯಮೇಳವನ್ನು ಸೋದರರು ಕಟ್ಟಿ, ಮುಂಬಯಿಯಲ್ಲಿಯೂ ಪರವೂರುಗಳಲ್ಲಿಯೂ ಕಾರ್ಯಕ್ರಮಗಳನ್ನು ನಡೆಸಿದರು. 'ಸಮ್ರಾಟ್ ಚಂದ್ರಗುಪ್ತ' ಚಿತ್ರಕ್ಕೆ ಅಣ್ಣನೊಬ್ಬನೇ ಸಂಗೀತವನ್ನಿತ್ತನು. 1959ರ 'ಸಟ್ಟಾ ಬಜಾರ್', 'ಮದಾರಿ' ಚಿತ್ರಗಳಿಂದ ತಮ್ಮನ ಹೆಸರೂ ಜೊತೆಗೂಡಿತು. 1960ರ 'ಛಲಿಯಾ', 1965ರ 'ಜಬ್ ಜಬ್ ಫೂಲ್ ಖಿಲೇ', 1967ರ 'ಉಪಕಾರ್' ಇವು ಅವರನ್ನು ಮನೆಮಾತಾಗಿಸಿದುವು. 1968ರ 'ಸರಸ್ವತೀಚಂದ್ರ'ಕ್ಕೆ ರಾಷ್ಟ್ರಪ್ರಶಸ್ತಿ, 1974ರ 'ಕೋರಾ ಕಾಗಜ್'ಗೆ ಫಿಲ್ಮ್‌ಫೇರ್ ಪ್ರಶಸ್ತಿ ಲಭಿಸಿದುವು. ಅವರಲ್ಲಿ ಸಹಾಯಕರಾಗಿ ದುಡಿದ ಲಕ್ಷ್ಮೀಕಾಂತ ಮತ್ತು ಪ್ಯಾರೇಲಾಲರು 1963ರ 'ಪಾರಸ್‌ಮಣಿ'ಯಿಂದ ತಮ್ಮದೇ ಜೋಡಿಯನ್ನು ಸ್ಥಾಪಿಸಿ ಯಜಮಾನರಿಗೆ ಸರಿಸಾಟಿಯಾಗಿ ನಿಂತರು. ನಿನ್ನೆ ಮೇಜು ಒರೆಸಿದ ಹುಡುಗನು ಇಂದು ಎದುರುಗಡೆಯೇ ಹೋಟೆಲು ತೆರೆಯುವುದನ್ನು ಕಂಡಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡಿಗರಾದ ನಮಗೆ ಈ ಸಂದರ್ಭದಲ್ಲಿ ಮೈಸೂರಿನ ರಾಜನ್ ಮತ್ತು ನಾಗೇಂದ್ರ ಸೋದರರ ನೆನಪು ಬಾರದೆ ಇರದು. ಅವರೂ ಅಣ್ಣತಮ್ಮಂದಿರು, ಅಣ್ಣ 1933ರಲ್ಲಿ, ತಮ್ಮ 1935ರಲ್ಲಿ ಜನಿಸಿದವರು. ಅವರಿಗೆ 'ಸೌಭಾಗ್ಯಲಕ್ಷ್ಮಿ' ಚಿತ್ರದ ಮೂಲಕ ಮೊದಲ ಅವಕಾಶವನ್ನಿತ್ತ ಬಿ. ವಿಠಲಾಚಾರ್ಯರು ಉಡುಪಿಯ ಕಡೆಯವರು. ಚಿತ್ರರಂಗಕ್ಕೆ ಬರುವ ಮುನ್ನ ಅರಸೀಕೆರೆಯಲ್ಲಿ ಹೋಟೆಲು ನಡೆಸಿದವರು! 'ಗಂಧದ ಗುಡಿ', 'ಎರಡು ಕನಸು', 'ಬಯಲು ದಾರಿ' ಚಿತ್ರಗಳ ಮಾಧುರ್ಯಕ್ಕೆ ಕಾರಣರಾದ ಜೋಡಿಗೆ ಮೊದಲ ಬಾಗಿಲನ್ನು ತೆರೆದ ಕೈ ಹೋಟೆಲಿನ ಗಲ್ಲೆಯಲ್ಲಿ ಪಳಗಿದುದೆಂಬುದು ನಮ್ಮವರೆಲ್ಲ ಹೆಮ್ಮೆಪಡತಕ್ಕ ವಿಷಯ. ಪಾಲುದಾರಿಕೆಯು ಅಣ್ಣತಮ್ಮಂದಿರ ನಡುವೆಯೇ ಮೊದಲು ಮುರಿಯುವುದೆಂಬ ಮಾತು ವ್ಯಾಪಾರದಲ್ಲಿ ರೂಢಿಯಲ್ಲಿದೆ. ಈ ಎರಡು ಜೋಡಿಗಳೂ ಆ ಮಾತನ್ನು ಸುಳ್ಳಾಗಿಸಿದುವು. 2000ನೆಯ ಇಸವಿಯ ಆಗಸ್ಟಿನಲ್ಲಿ ಕಲ್ಯಾಣಜೀ, ನವೆಂಬರಿನಲ್ಲಿ ನಾಗೇಂದ್ರ, ಹೀಗೆ ಒಂದೇ ವರ್ಷದಲ್ಲಿ ಎರಡೂ ಜೋಡಿಗಳು ಅಗಲಿದುವು.

1970ರ ದಶಕದಲ್ಲಿ ಕಲ್ಯಾಣಜೀ ಆನಂದಜೀಯವರ ಸಂಗೀತದ ಗತಿ ಬದಲಾಯಿತು. 1978ರ 'ಡಾನ್' ಚಿತ್ರದಲ್ಲಿ ಇಲೆಕ್ಟ್ರಿಕ್ ಗಿಟಾರು, ಪಾಶ್ಚಾತ್ಯ ತುತ್ತೂರಿ, ನಮ್ಮ ಸ್ವರಮಾಲೆ ಇವು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತುವು. 1980ರ 'ಕುರ್ಬಾನಿ'ಯ ಸಂಗೀತವೂ ಅವರದೇ. ಆದರೆ ನಾಜಿಯಾ ಹಸನ್ ಹಾಡಿದ ಒಂದು ಡಿಸ್ಕೋ ಗೀತೆಯನ್ನು ಸಂಯೋಜಿಸಿದವರು ಬೆಂಗಳೂರಿನಲ್ಲಿ ಜನಿಸಿ ಇಂಗ್ಲೆಂಡಿಗೆ ತೆರಳಿದ್ದ ಕೊಡವರಾದ ಬಿದ್ದು ಅಪ್ಪಯ್ಯನವರು. 1982ರಲ್ಲಿ ಮುಂಬಯಿಯ ವಾದಕ ಚರಣಜಿತ್ ಸಿಂಗರು ಜಪಾನಿನ ಮೂರು ಯಂತ್ರಗಳಿಂದ ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿ ತಟ್ಟೆಯೊಂದನ್ನು ಹೊರತಂದರು. ಆಗ ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಅದನ್ನೇ ಹೋಲುವ ಸಂಗೀತವು 1987ರಲ್ಲಿ ಅಮೇರಿಕೆಯ ಶಿಕಾಗೋದಲ್ಲಿ ಹುಟ್ಟಿ ಲೋಕಪ್ರಸಿದ್ಧವಾಯಿತು. 2010ರಲ್ಲಿ ತಟ್ಟೆಯು ಮರುಮುದ್ರಣಗೊಂಡಾಗಲೇ ಸಿಂಗರ ಕಾರ್ಯದ ಬೆಲೆ ಜಗತ್ತಿಗೆ ತಿಳಿಯಿತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮರೆಮಾಡಲಾಗದು. ಕ್ಲಾವಿಯೋಲಿನ್ ಒಂದು ವೇಳೆಗೆ ಒಂದು ಸ್ವರವನ್ನು ಮಾತ್ರ ನುಡಿಸಬಲ್ಲುದಾಗಿತ್ತು. ಆದುದರಿಂದ ಅದಕ್ಕೆ ಸುತ್ತಲೂ ಮೇಳ ಬೇಕಾಗಿತ್ತು. ಅನಂತರ ಬಂದ ಸಿಂಥಸೈಸರುಗಳು ಇಡೀ ಮೇಳವನ್ನೇ ಅನುಕರಿಸತೊಡಗಿದುವು. ಡಜನುಗಟ್ಟಲೆ ಪಿಟೀಲುಗಾರರಿಗೆ ಕೆಲಸವಿದ್ದ ಮುಂಬಯಿಯ ಧ್ವನಿಮುದ್ರಣ ಕೊಠಡಿಗಳಲ್ಲಿ ಕ್ರಮೇಣ ಕುರ್ಚಿಗಳು ಬರಿದಾದುವು. ನಮ್ಮ ಅಡಿಗೆಮನೆಗಳಿಗೆ ವಿದ್ಯುತ್ತಿನ ಗ್ರೈಂಡರು ಬಂದಾಗ ರುಬ್ಬುಗಲ್ಲಿನ ಮುಂದೆ ಕುಳಿತವನ ಪಾಡೂ ಇಂತಹದೇ ಆಗಿತ್ತು. ಕೆಲವರು ಊರಿಗೆ ಮರಳಿದರು. ಕೆಲವರು ಗ್ರೈಂಡರು ನಡೆಸುವುದನ್ನೇ ಕಲಿತು ನಿಂತರು. ಯಂತ್ರವನ್ನು ಶಪಿಸಿ ಪ್ರಯೋಜನವಿಲ್ಲ. ಆದರೆ ಅದರಿಂದ ಉಳಿದ ಹಣದಲ್ಲಿ ಕೆಲಸ ಕಳಕೊಂಡವನಿಗೂ ಒಂದು ದಾರಿಯನ್ನು ಕಾಣಿಸುವುದು ಯಜಮಾನನ ಧರ್ಮ. ಕಲ್ಯಾಣಜೀಯವರ ಪುತ್ರ ವಿಜು ಶಾಹರು ಸಿಂಥಸೈಸರಿನಲ್ಲಿಯೇ ಹೆಸರು ಗಳಿಸಿ 1994ರ 'ಮೊಹರಾ'ಕ್ಕೆ ಸಂಗೀತವಿತ್ತರು. ಕಲ್ಯಾಣಜೀಯಾದರೋ ತಮ್ಮ ಮುಪ್ಪಿನಲ್ಲಿ 'ಲಿಟ್ಲ್ ವಂಡರ್ಸ್' ಎಂಬ ಮಕ್ಕಳ ತಂಡವನ್ನು ಕಟ್ಟಿ ಎಳೆಯ ಕಂಠಗಳನ್ನು ತಿದ್ದಿದರು. ಸುನಿಧಿ ಚೌಹಾಣರು ಅವರ ಬಳಿ ಕಲಿತವರಲ್ಲಿ ಒಬ್ಬರು. ಯಂತ್ರವನ್ನು ತಂದಾತನೇ ಮನುಷ್ಯಕಂಠದ ಪೋಷಣೆಗೆ ನಿಂತುದು ಗಮನಾರ್ಹ.

ಸೋದರರಿಗೆ 1992ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. 1990ರ ದಶಕದ ಕೊನೆಯಲ್ಲಿ ಅಮೇರಿಕೆಯ ಡ್ಯಾನ್ ದಿ ಆಟೋಮೇಟರ್ ಎಂಬಾತನು ಅವರ ಹಳೆಯ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಆಯ್ದು, ಅದಕ್ಕೆ ಹೊಸ ತಾಳವನ್ನು ಕೂಡಿಸಿ, 'ಬಾಂಬೆ ದಿ ಹಾರ್ಡ್ ವೇ' ಎಂಬ ತಟ್ಟೆಯನ್ನು ಹೊರತಂದನು. ಕುಣಿತದ ಅಬ್ಬರವನ್ನು ಬಿಟ್ಟು ಮಂದಗತಿಯಲ್ಲಿ ಸಾಗುವ ವಿದ್ಯುತ್‌ಸಂಗೀತವನ್ನು ಮೆಚ್ಚುವ ತರುಣರಿಗೆ ಮುಂಬಯಿಯ ಈ ನಾದವು ಹೊಸ ರುಚಿಯಾಗಿ ಕಂಡಿತು. 2005ರಲ್ಲಿ ಬ್ಲ್ಯಾಕ್ ಐಡ್ ಪೀಸ್ ಎಂಬ ತಂಡವು 1972ರ 'ಅಪರಾಧ್' ಹಾಗೂ 'ಡಾನ್' ಚಿತ್ರಗಳ ಗೀತಭಾಗಗಳನ್ನು ತನ್ನ ಹಾಡಿನಲ್ಲಿ ಬಳಸಿತು. ಆ ಹಾಡಿಗೆ 2006ರಲ್ಲಿ ಗ್ರ್ಯಾಮಿ ಪ್ರಶಸ್ತಿಯು ಲಭಿಸಿತು. ಹಾಡಿನ ಕರ್ತೃಗಳ ಯಾದಿಯಲ್ಲಿ ಕಲ್ಯಾಣಜೀ ಆನಂದಜೀಯವರ ಹೆಸರೂ, ಗೀತಕಾರ ಇಂದೀವರರ ಹೆಸರೂ ಸೇರಿದುವು. ಆ ಹೊತ್ತಿಗೆ ಅಣ್ಣನೂ ಇಂದೀವರರೂ ಗತಿಸಿದ್ದರು.

1954ರಲ್ಲಿ ಪರದೆಯ ಹಿಂದೆ ಉಳಿದ ಹೆಸರು, ಐವತ್ತೊಂದು ವರ್ಷಗಳ ಬಳಿಕ ಏಳು ಕಡಲುಗಳಾಚೆ ಕಾಗದದ ಮೇಲೆ ಅಚ್ಚಾಯಿತು. ತನ್ನ ಕೃತಿಯು ಎಲ್ಲಿ ಬಳಕೆಯಾದರೂ ಅಲ್ಲಿ ತನ್ನ ಹೆಸರಿರಬೇಕು, ತನ್ನ ಪಾಲೂ ಸಲ್ಲಬೇಕು ಎಂಬುದು ಕಲಾವಿದನ ದುರಾಸೆಯಲ್ಲ. ಅದು ದುಡಿಮೆಯ ಹಕ್ಕು. ಕೈಬರಹ ಚೆನ್ನಾಗಿರುವ ಗುಮಾಸ್ತನಿಗೂ, ಕೈಗುಣವುಳ್ಳ ಭಟ್ಟರಿಗೂ ಈ ಮಾತು ಸಲ್ಲುತ್ತದೆ. ಮುಂದಿನ ಬಾರಿ ಚಿತ್ರವನ್ನು ನೋಡುವಾಗ ವಾಚಕರು ಕೊನೆಯ ಹೆಸರು ತೆರೆಯಿಂದ ಮರೆಯಾಗುವವರೆಗೆ ಎದ್ದು ಹೊರಡದಿರಲಿ. ನುಡಿಸಿದವರಿಗೆ ನಾವು ಸಲ್ಲಿಸಬೇಕಾದ ಬಾಕಿಯಲ್ಲಿ ಅದು ಮೊದಲ ಕಂತು.