ಮನೆಯಿಂದ ಗಾಡಿಕೊಟ್ಟಿಗೆಗೆ ವಿದ್ಯುತ್ ತಂತಿ

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರದ ಕಂಬಸಾಲಿಗೆ ವಹಿಸಿದ ಎಚ್ಚರಿಕೆಯನ್ನು, ಮನೆಯಿಂದ ೬೦ ಮೀಟರು ದೂರದ ಗಾಡಿಕೊಟ್ಟಿಗೆಗೆ ತಂತಿಯನ್ನೊಯ್ಯುವಾಗ ವಹಿಸುವವರು ವಿರಳ. ಟ್ರಾಕ್ಟರು ನಿಲ್ಲಿಸುವೆಡೆಗೆ ಒಂದು ದೀಪ, ಮೇವು ಕತ್ತರಿಸಲು ಒಂದು ಮೋಟಾರು ಬೇಕಾದೊಡನೆ ಒಳಮನೆಯ ತೆಳುವಾದ ತಂತಿಯನ್ನೇ ಹೊರಗೆಳೆದು, ನಡುವೆ ಬೊಂಬೊಂದನ್ನು ನೆಟ್ಟು, ಕಾರ್ಯವು ಮುಗಿಯಿತೆಂದು ತಿಳಿಯುವುದುಂಟು.

ಇದರ ಅಪಾಯವು ಹೆಚ್ಚಾಗಿ ತೋರುವುದು ಸುಗ್ಗಿಯಲ್ಲಿ. ಹುಲ್ಲು ಹೇರಿದ ಗಾಡಿಯ ಹೊರೆಯ ಮೇಲೆ ಆಳೊಬ್ಬನು ಕುಳಿತಿರುವನು. ಕತ್ತಲಲ್ಲಿ ಜೋಲುತಂತಿಯು ಅವನ ಕಣ್ಣಿಗೆ ಬೀಳದು. ಸಾರ್ವಜನಿಕ ಬೀದಿಯನ್ನು ಅಡ್ಡಹಾಯುವ ತಂತಿಯು ನೆಲದಿಂದ ೫.೮ ಮೀಟರು, ಎಂದರೆ ಸುಮಾರು ೧೯ ಅಡಿ, ಎತ್ತರದಲ್ಲಿರಬೇಕು. ಸ್ವಂತ ಅಂಗಳವಾದರೂ ಗಾಡಿಯ ಹಾದಿಯಿರುವಲ್ಲಿ ಇದೇ ಎತ್ತರವನ್ನು ಕೊಡುವುದು ಲೇಸು. ಅಳತೆಯನ್ನು ಕಂಬದ ಬಳಿ ಹಿಡಿಯಲಾಗದು. ತಂತಿಯು ಅತ್ಯಂತ ಕೆಳಗೆ ಜೋಲುವ ಸ್ಥಳದಲ್ಲಿ ಹಿಡಿಯತಕ್ಕದ್ದು.

ಶಕ್ತಿಯನ್ನು ಒಯ್ಯುವ ತಂತಿಯು ತನ್ನ ಭಾರವನ್ನು ತಾನೇ ಹೊರಬಾರದು. ಸತುವಿನ ಲೇಪವುಳ್ಳ ಉಕ್ಕಿನ ತಂತಿಯೊಂದನ್ನು ಎರಡು ತುದಿಗಳಲ್ಲೂ ಗಟ್ಟಿಯಾದ ಕಂಬಗಳಿಗೆ ಬಿಗಿದು, ಬಿಸಿಲಿಗೆ ಸೀಳದ ಹೊದಿಕೆಯುಳ್ಳ ವಿದ್ಯುತ್ ತಂತಿಯನ್ನು ಅದಕ್ಕೆ ತೂಗುಹಾಕಬೇಕು. ಮಣ್ಣಿನ ಗೋಡೆಯು ಈ ಸೆಳೆತವನ್ನು ತಾಳದು. ಬೆಳೆಯುವ ಮರವಂತೂ ಕೂಡದು: ಗಾಳಿಗೆ ಕೊಂಬೆ ತೂಗಿದಂತೆಲ್ಲ ಹೊದಿಕೆಯು ಸವೆಯುವುದು. ಚಳಿಯಲ್ಲಿ ಲೋಹವು ಕುಗ್ಗುವುದರಿಂದ ಆಧಾರದ ತಂತಿಯನ್ನು ವೀಣೆಯ ತಂತಿಯಂತೆ ಬಿಗಿಯದೆ ಸ್ವಲ್ಪ ಸಡಿಲ ಬಿಡಬೇಕು. ಗೋಡೆಯನ್ನು ಹೊಗುವ ಮುನ್ನ ವಿದ್ಯುತ್ ತಂತಿಯನ್ನು ಒಮ್ಮೆ ಕೆಳಕ್ಕೆ ಬಾಗಿಸಿದರೆ ಮಳೆಯ ನೀರು ಅಲ್ಲಿಯೇ ತೊಟ್ಟಿಕ್ಕುವುದು.

ತಂತಿಯ ದಪ್ಪವನ್ನು ದೀಪದ ಲೆಕ್ಕದಿಂದ ಆರಿಸುವುದು ಸಾಮಾನ್ಯವಾದ ತಪ್ಪು. ಒಂದು ಕುದುರೆಶಕ್ತಿಯ ಮೋಟಾರು ೨೩೦ ವೋಲ್ಟಿನಲ್ಲಿ ಸುಮಾರು ೭ ಆಂಪಿಯರು ಎಳೆಯುವುದು. ೨.೫ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ, ೬೦ ಮೀಟರು ಹೋಗಿ ಬರುವಷ್ಟರಲ್ಲಿ, ಆರು ವೋಲ್ಟು ನಷ್ಟವಾಗುವುದು. ಇದು ಸಹ್ಯವೇ. ಆದರೆ ಮೋಟಾರು ಹೊರಡುವ ಕ್ಷಣದಲ್ಲಿ ಐದುಪಟ್ಟು ಎಳೆದರೆ ನಷ್ಟವು ಮೂವತ್ತು ವೋಲ್ಟಿಗೇರುವುದು. ಮೋಟಾರು ತಿರುಗದೆ ಗೊರಗುಟ್ಟಿ ಸುಡುವ ಸಂಭವವುಂಟು. ೪ ಚದರ ಮಿಲಿಮೀಟರಿನ ತಂತಿಗೆ ತಗಲುವ ಹೆಚ್ಚಿನ ವೆಚ್ಚವು ಮೋಟಾರನ್ನು ಮರಳಿ ಸುತ್ತಿಸುವ ವೆಚ್ಚದ ಮುಂದೆ ಅಲ್ಪವಾದುದು.

ಕೊಟ್ಟಿಗೆಯೊಳಗೆ ಎರಡು ತಂತಿಗಳನ್ನೂ ಒಮ್ಮೆಗೇ ಕಡಿಯುವ ಸ್ವಿಚ್ಚು ಬಾಗಿಲ ಬಳಿಯಲ್ಲಿಯೇ ಇರತಕ್ಕದ್ದು. ಭೂಸಂಪರ್ಕದ ತಂತಿಯನ್ನೂ ಜೊತೆಯಲ್ಲಿ ಒಯ್ದು ಮೋಟಾರಿನ ಮೈಗೂ ಆಧಾರದ ತಂತಿಗೂ ಸೇರಿಸಬೇಕು. ೩೦ ಮಿಲಿಆಂಪಿಯರು ಸೋರಿದೊಡನೆ ಶಕ್ತಿಯನ್ನು ನಿಲ್ಲಿಸುವ ಉಪಕರಣವನ್ನು ಮನೆಯ ತುದಿಯಲ್ಲಿ ಜೋಡಿಸಬೇಕು. ದನಗಳಿರುವ ಕಡೆ ಇದು ಅತ್ಯವಶ್ಯಕ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಅಂತರವು ಹೆಚ್ಚಾದುದರಿಂದ, ಮನುಷ್ಯನಿಗೆ ಜುಮ್ಮೆನಿಸುವಷ್ಟು ಸೋರಿದ ನೆಲವೇ ಎತ್ತನ್ನು ಕೆಡವಬಲ್ಲುದು.

ಈ ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸಿ, ಪ್ರತಿವರ್ಷವೂ ಮುಂಗಾರಿಗೆ ಮೊದಲು ಕಂಬದ ಬುಡವನ್ನೂ ಗಂಟುಗಳನ್ನೂ ಪರೀಕ್ಷಿಸಿಡತಕ್ಕದ್ದು.