ಕಳಿಸು, ಪಡೆ: ಎರಡೇ ಬಟನ್ ಸಾಕಿತ್ತು

ಇಂಟರ್ನಲ್ಸ್ ಹತ್ತಿರ ಬಂತೆಂದರೆ ನಮ್ಮ ಕ್ಲಾಸಿನಲ್ಲಿ ಒಂದೇ ಮಾತು: ‘ನೋಟ್ಸ್ ಶೇರ್‌ಇಟ್ ಮಾಡೋ’. ಆ ಆ್ಯಪ್ ನಿಷೇಧವಾಗಿ ವರ್ಷಗಳೇ ಆದವು. ಹೆಸರು ಮಾತ್ರ ಜೆರಾಕ್ಸ್ ಥರ ನಾಲಿಗೆಯಲ್ಲಿ ಉಳಿದುಬಿಟ್ಟಿದೆ.

ಉಳಿಯಲು ಕಾರಣವೂ ಇತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬರುವ ಮುಂಚೆ ಒಂದು ಜಿಬಿ ಡೇಟಾ ಎಂದರೆ 200 ರೂಪಾಯಿಗೂ ಮೇಲೆ. ಅಂತರಸನಹಳ್ಳಿಯ ನಮ್ಮ ಚಿಕ್ಕಪ್ಪನಿಗೆ ಕುರುಕ್ಷೇತ್ರ ನಾಟಕದ ಹುಚ್ಚು. ಹಾರ್ಮೋನಿಯಂ ಮೇಷ್ಟ್ರು ರೆಕಾರ್ಡ್ ಮಾಡಿಕೊಟ್ಟ ರಂಗಗೀತೆಗಳು ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹೋಗಬೇಕು. ಬ್ಲೂಟೂತ್‌ನಲ್ಲಿ ಹಾಕಿದರೆ ಒಂದು ವಿಡಿಯೊ ಮುಗಿಯುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಶೇರ್‌ಇಟ್‌ನಲ್ಲಿ ಒಂದು ಫೋನ್ ಹಾಟ್‌ಸ್ಪಾಟ್ ಆಗುತ್ತಿತ್ತು, ಇನ್ನೊಂದು ಅದಕ್ಕೆ ಅಂಟಿಕೊಳ್ಳುತ್ತಿತ್ತು. ಇಂಟರ್ನೆಟ್ ಬೇಕಿಲ್ಲ, ಡೇಟಾ ಖರ್ಚಿಲ್ಲ. ಇಂಗ್ಲಿಷ್ ಓದಲು ಬಾರದ ಚಿಕ್ಕಪ್ಪ ಕಳಿಸುವ ಬಟನ್ ಯಾವುದು, ಪಡೆಯುವ ಬಟನ್ ಯಾವುದು ಎಂದು ಜಾಗ ನೋಡಿಯೇ ಗುರುತಿಟ್ಟುಕೊಂಡಿದ್ದರು.

ಆಮೇಲೆ ಅದೇ ಆ್ಯಪ್‌ಗೆ ವಿಡಿಯೊ ಬಂತು, ಗೇಮ್ ಬಂತು, ಜಾಹೀರಾತು ಬಂತು. 2018ರಲ್ಲಿ ಆ ಕಂಪನಿ ದಕ್ಷಿಣದ ಸಿನಿಮಾ ತೋರಿಸುವ ಫಾಸ್ಟ್‌ಫಿಲ್ಮ್ಜ್ ಅನ್ನೇ ಕೊಂಡುಕೊಂಡಿತು. ಫೈಲ್ ಕಳಿಸುವವರಿಗೆ ಸಿನಿಮಾ ಯಾಕೆ ಅಂತ ನಗು ಬರುತ್ತದೆ. ಆದರೆ ಲೆಕ್ಕ ಸರಳ. ಫೈಲ್ ಕಳಿಸುವವನು ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಆ್ಯಪ್ ಮುಚ್ಚುತ್ತಾನೆ. ಅವನಿಂದ ದುಡ್ಡೂ ಇಲ್ಲ. ಜಾಹೀರಾತಿಗೆ ಬೇಕಾದದ್ದು ಅವನ ಸಮಯ. ಅಂದರೆ ಕೆಲಸ ಬೇಗ ಮುಗಿಸಿಕೊಡುವುದೇ ಇಂಥ ಆ್ಯಪ್‌ಗೆ ನಷ್ಟ!

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಶೇರ್‌ಇಟ್, ಕ್ಸೆಂಡರ್ ಎರಡೂ ಹೋದವು. ಅದಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ, ಆ್ಯಪ್ ದಪ್ಪವಾಗಿದ್ದಕ್ಕಲ್ಲ.

ಇದು ಚೀನಾದ ಕಥೆ ಮಾತ್ರವೂ ಅಲ್ಲ. ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗಿಯಸ್ 2005ರಲ್ಲಿ ಮಾಡಿದ ಯುಟೊರೆಂಟ್ ಹೆಸರಿನ ಮೊದಲ ಅಕ್ಷರ ನಮ್ಮ ಮೈಕ್ರೋಫ್ಯಾರಡ್‌ನ ‘ಮ್ಯೂ’. ಹಳೇ ಕಂಪ್ಯೂಟರ್‌ನಲ್ಲೂ ಹಗುರವಾಗಿ ಓಡಬೇಕು ಅನ್ನೋದೇ ಅದರ ಉದ್ದೇಶ. ಮುಂದಿನ ವರ್ಷ ಅದನ್ನು ಬಿಟ್‌ಟೊರೆಂಟ್ ಕಂಪನಿ ಕೊಂಡಿತು. ಬರಬರುತ್ತಾ ಜಾಹೀರಾತು ಸೇರಿತು. 2015ರಲ್ಲಿ ಅದರ ಜೊತೆಗೇ ಬರುತ್ತಿದ್ದ ಎಪಿಕ್ ಸ್ಕೇಲ್ ಎಂಬ ತಂತ್ರಾಂಶ ಬಳಕೆದಾರರ ಕಂಪ್ಯೂಟರ್‌ನಲ್ಲಿ ಕ್ರಿಪ್ಟೊ ಕರೆನ್ಸಿ ಗಣಿಗಾರಿಕೆ ಮಾಡುತ್ತಿದೆ ಎಂದು ದೊಡ್ಡ ಗಲಾಟೆಯಾಯಿತು. ಹೆಸರಲ್ಲಿ ಮಾತ್ರ ಮೈಕ್ರೋ ಉಳಿಯಿತು.

ನಿಷೇಧದ ನಂತರ ಚಿಕ್ಕಪ್ಪನ ಫೋನಿಗೆ ಯಾರೋ ಬೇರೊಂದು ಆ್ಯಪ್ ಹಾಕಿಕೊಟ್ಟರು. ಅದು ಲೊಕೇಶನ್ ಕೇಳುತ್ತದೆ. ಹಳೆಯ ಆಂಡ್ರಾಯ್ಡ್‌ನಲ್ಲಿ ಅಕ್ಕಪಕ್ಕದ ಫೋನ್ ಹುಡುಕಲು ಅದು ಬೇಕು, ಒಪ್ಪೋಣ. ಆದರೆ ಕಾಂಟ್ಯಾಕ್ಟ್ಸ್ ಯಾಕೆ? ಪರದೆಯ ದೊಡ್ಡ ಹಸಿರು ಬಟನ್ ಒತ್ತಿದರೆ ಅದು ಜಾಹೀರಾತು. ‘ಲೋ, ಇದ್ರಲ್ಲಿ ಕಳ್ಸೋದು ಎಲ್ಲೈತ್ಲಾ?’ ಎಂದು ಫೋನ್ ನನ್ನ ಕೈಗಿಟ್ಟರು. ಐದು ವರ್ಷ ಯಾರನ್ನೂ ಕೇಳದೆ ಫೈಲ್ ಕಳಿಸಿದ ಮನುಷ್ಯ ಈಗ ಅಣ್ಣನ ಮಗನಿಗೆ ಕಾಯಬೇಕು. ನನಗೆ ಸಿಟ್ಟು ಬಂದದ್ದು ಅಲ್ಲಿ.

ಈಗ ಆಂಡ್ರಾಯ್ಡ್‌ನಲ್ಲೇ ಕ್ವಿಕ್ ಶೇರ್ ಇದೆ. ಲ್ಯಾಪ್‌ಟಾಪ್ ಮತ್ತು ಫೋನ್ ನಡುವೆ ನಾನು ಬಳಸುವುದು ಓಪನ್ ಸೋರ್ಸ್ ಆದ ಲೋಕಲ್‌ಸೆಂಡ್. ಒಂದೇ ವೈಫೈನಲ್ಲಿದ್ದರೆ ಸಾಕು. ಲಾಗಿನ್ ಇಲ್ಲ, ಜಾಹೀರಾತಿಲ್ಲ. ಹಾಸ್ಟೆಲ್‌ನಲ್ಲಿರುವವರು ಒಮ್ಮೆ ಹಾಕಿ ನೋಡಿ.

ಇಷ್ಟೆಲ್ಲ ತಲೆಗೆ ಬಂದದ್ದು ನಮ್ಮ ಮಿನಿ ಪ್ರಾಜೆಕ್ಟ್‌ನಿಂದ. ಲ್ಯಾಬ್‌ನೊಳಗೆ ಫೈಲ್ ಕಳಿಸುವ ಪುಟ್ಟ ಆ್ಯಪ್ ಮಾಡುತ್ತಿದ್ದೇವೆ. ಮೊದಲ ರಿವ್ಯೂನಲ್ಲಿ ‘ಫೀಚರ್ ಕಮ್ಮಿಯಾಯ್ತು, ಚಾಟ್ ಸೇರಿಸಿ, ಲಾಗಿನ್ ಸೇರಿಸಿ’ ಅಂದರು. ತಂಡದ ಗೆಳೆಯನಿಗೂ ರೆಸ್ಯೂಮೆಯಲ್ಲಿ ಬರೆಯಲು ನಾಲ್ಕು ಸಾಲು ಹೆಚ್ಚು ಸಿಗುತ್ತದೆ ಅಂತ ಆಸೆ. ಪ್ಲೇಸ್‌ಮೆಂಟ್ ಹತ್ತಿರ ಇರುವಾಗ ಅವನದು ತಪ್ಪೂ ಅಲ್ಲ. ಎರಡು ರಾತ್ರಿ ಜಗಳವಾಡಿದೆವು. ಕೊನೆಗೆ ಚಾಟ್ ಬೇಡ ಎಂದಾಯಿತು. ಉಳಿದ ಸಮಯದಲ್ಲಿ, ಕಳಿಸುವಾಗ ಮಧ್ಯದಲ್ಲಿ ವೈಫೈ ಹೋದರೆ ಅಲ್ಲಿಂದಲೇ ಮುಂದುವರಿಯುವಂತೆ ಮಾಡುತ್ತಿದ್ದೇವೆ. ಡೆಮೊದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೇ ರಿವ್ಯೂ ಮುಂದಿನ ಗುರುವಾರ.